ಪಡುವಣ ಕಿಟಕಿಗಳ ಮನೆ

"ಗುರುಗಳೇ, ಈ ಮಠದ ಉದ್ದಗಲ ಅಳೆದುಕೊಂಡು ಹೋಗಲೇ?" ಎಂದು ಶಿಷ್ಯ ಕೇಳಿದ. ಕಡಲ ದಂಡೆಯ ಆ ಮಠದಲ್ಲಿ ಹನ್ನೆರಡು ವರ್ಷ ಕಲಿತು, ಮರುದಿನ ಬಯಲುಸೀಮೆಯ ತನ್ನ ಊರಿಗೆ ಹೊರಡುವವನಿದ್ದ. "ಊರಲ್ಲಿ ಥೇಟು ಇಂಥದೇ ಮಠ ಕಟ್ಟುತ್ತೇನೆ. ಮುಂದೆ ಎಂದಾದರೂ ನೀವು ಬಂದರೆ, ನಿಮ್ಮ ಉಪಕಾರವನ್ನು ನಾನು ಮರೆತಿಲ್ಲ ಎಂದು ನೋಡಿದೊಡನೆ ತಿಳಿಯಬೇಕು."

ಗುರುಗಳು ನಕ್ಕರು. "ಭಲೆ! ಕಂಬ ಎಣಿಸಿದ್ದೂ ಆಯಿತೇನೋ. ಕೂರಯ್ಯಾ, ಅಳೆಯುವ ಮುಂಚೆ ಒಂದು ಕತೆ ಕೇಳು."

ನಿಮ್ಮ ಕಡೆಯವನೇ ಒಬ್ಬ ಅರಳೆ ವ್ಯಾಪಾರಿ. ಕರಾವಳಿಗೆ ಬಂದಾಗ ಜ್ವರ ಹಿಡಿದು ದಾರಿಯಲ್ಲೇ ಬಿದ್ದ. ಯಾರೋ ಏನೋ ಎಂದು ಜನ ದಾಟಿಕೊಂಡು ಹೋದರು. ಒಬ್ಬ ದೋಣಿಯವನು ಮಾತ್ರ ಅವನನ್ನು ಮನೆಗೆ ತಂದು, ಇಪ್ಪತ್ತು ದಿನ ಗಂಜಿ ಕುಡಿಸಿ ಬದುಕಿಸಿದ. ಆ ಮನೆಗೆ ಪಡುವಣ ದಿಕ್ಕಿನಲ್ಲಿ ಏಳು ಕಿಟಕಿಗಳು. ಮಧ್ಯಾಹ್ನವಾದರೆ ಕಡಲ ಗಾಳಿ ಒಳಗೆ ಬರುತ್ತಿತ್ತು. ಆ ಗಾಳಿಯೇ ತನಗೆ ಜೀವ ಕೊಟ್ಟಿತೆಂದು ವ್ಯಾಪಾರಿ ನಂಬಿದ. ಹೊರಡುವ ದಿನ ದೋಣಿಯವನ ಕೈ ಹಿಡಿದು ಅತ್ತ. ಒಂದು ಸಲವಾದರೂ ನಮ್ಮ ಮನೆಗೆ ಬಾ ಎಂದ.

ಊರು ಮುಟ್ಟಿದವನೇ ಹೊಸ ಮನೆಗೆ ಕೈ ಹಾಕಿದ. ಎಲ್ಲವೂ ದೋಣಿಯವನ ಮನೆಯಂತೆಯೇ ಆಗಬೇಕು. ಅದೇ ತೆಳು ಗೋಡೆ, ಅದೇ ಇಳಿಜಾರು ಹಂಚು, ಪಡುವಣಕ್ಕೆ ಅದೇ ಏಳು ಕಿಟಕಿ.

ಮನೆ ಕಟ್ಟುವವನು ತಲೆ ಕೆರೆದುಕೊಂಡ. "ಧಣಿ, ಅಲ್ಲಿ ಪಡುವಣಕ್ಕೆ ಕಡಲಿದೆ. ನಮ್ಮಲ್ಲೇನಿದೆ? ಬಿಸಿಲು, ಧೂಳು."

"ಹೇಳಿದಷ್ಟು ಮಾಡಯ್ಯಾ. ನಿನ್ನ ಬುದ್ಧಿ ಯಾರು ಕೇಳಿದರು?"

ಮನೆ ಎದ್ದಿತು. ಅತಿಥಿ ಬಂದು ಕಾಲಿಡುವ ತನಕ ಯಾರೂ ಒಳಗೆ ಹೋಗಕೂಡದೆಂದು ವ್ಯಾಪಾರಿ ಬೀಗ ಜಡಿದ. ತಾನು ಹೆಂಡತಿ ಮಕ್ಕಳೊಡನೆ ಹಿತ್ತಿಲ ಕಡೆಯ ಹಳೇ ಮನೆಯಲ್ಲೇ ಉಳಿದ. ಅವನ ಭಕ್ತಿಯನ್ನು ನಾನು ಹಳಿಯಲಾರೆ, ಕೇಳಿದೆಯಾ? ಅದು ಅಪ್ಪಟ ಭಕ್ತಿಯೇ.

ಎಷ್ಟೋ ವರ್ಷಗಳಾದ ಮೇಲೆ, ಒಂದು ಚೈತ್ರದಲ್ಲಿ ದೋಣಿಯವನು ಬಂದ. ಮುದುಕನಾಗಿದ್ದ. ಎಂಟು ದಿನ ನಡೆದು ಬಂದಿದ್ದ. ವ್ಯಾಪಾರಿ ಅವನನ್ನು ಹೊಸ ಮನೆಯಲ್ಲಿ ಎಲೆಯ ಮುಂದೆ ಕೂರಿಸಿ, ಏಳು ಕಿಟಕಿಗಳನ್ನೂ ತಾನೇ ತೆರೆದ. ಹೊತ್ತು ಪಡುವಣಕ್ಕೆ ವಾಲಿತು. ಕಾದ ಗಾಳಿ ನುಗ್ಗಿತು. ಪಾಯಸದ ಮೇಲೆ ಧೂಳು ಕೂತಿತು. ಮುದುಕ ಪಾಪ, ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತಲೇ ಇದ್ದ. ಆಮೇಲೆ ಅವನ ಮುಖ ಬಿಳಿಚಿತು. ಎಲೆಯ ಪಕ್ಕಕ್ಕೆ ಒರಗಿದ.

ಅಯ್ಯೋ, ನನ್ನನ್ನು ಬದುಕಿಸಿದವನನ್ನು ನಾನೇ ಕೊಂದೆನಲ್ಲಾ ಎಂದು ವ್ಯಾಪಾರಿ ಎದೆ ಬಡಿದುಕೊಂಡ.

"ನಿಮ್ಮ ಕಿಟಕಿಗೆ ಬೆಂಕಿ ಬೀಳ!" ಎಂದಳು ಹೆಂಡತಿ. "ಆಮೇಲೆ ಅಳುವಿರಂತೆ. ಮೊದಲು ಅವರನ್ನು ಹಿಂದಿನ ಮನೆಗೆ ಎತ್ತಿಕೊಂಡು ಬನ್ನಿ."

ಆ ಮನೆಗೆ ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಬೆಳಕಿಗೆಂದು ಮೇಲೊಂದು ಕಿಂಡಿ. ಒಳಗೆ ತಂಪಿತ್ತು. ಅವಳು ಕಂಬಳಿ ಹಾಸಿ, ಮುಖಕ್ಕೆ ನೀರು ತಟ್ಟಿ, ಗುಟುಕು ಗುಟುಕಾಗಿ ಮಜ್ಜಿಗೆ ಕುಡಿಸಿದಳು. ಮುದುಕ ಗಾಢವಾಗಿ ನಿದ್ದೆಹೋದ. ಸಂಜೆ ಎದ್ದವನು ಹಸಿವು ಎಂದ. ಎರಡು ರೊಟ್ಟಿ ತಿಂದ. ಹೊರಗೆ ಕಟ್ಟೆಯ ಮೇಲೆ ನೆರೆಯವರೆಲ್ಲ ಸೇರಿ, ಕಡಲು ಹೇಗಿರುತ್ತದೆ ಹೇಳು ಎಂದು ಅವನನ್ನು ಸುತ್ತುವರಿದರು.

ವ್ಯಾಪಾರಿ ತಲೆ ತಗ್ಗಿಸಿ ನಿಂತಿದ್ದ. "ನಿನಗೆ ನಿನ್ನ ಮನೆಯಂಥದೇ ಮನೆ ಕೊಡಬೇಕೆಂದಿದ್ದೆ. ನಾಚಿಕೆಯಾಗುತ್ತಿದೆ."

ದೋಣಿಯವನು ಅವನ ಬೆನ್ನು ತಟ್ಟಿದ. "ನನ್ನ ಮನೆ ನೋಡಲು ನಾನು ಎಂಟು ದಿನ ನಡೆಯಬೇಕಿತ್ತೇನಪ್ಪಾ? ಇಷ್ಟು ಚೆಂದದ ನಿನ್ನ ಮನೆಯನ್ನು ಯಾಕೆ ಬಚ್ಚಿಟ್ಟಿದ್ದೆ?"

ಹೀಗೆಂದವನು ಅಲ್ಲೇ ಒಂದು ತಿಂಗಳು ಉಳಿದ.

ಕತೆ ಮುಗಿಯಿತು. ಶಿಷ್ಯನ ಕಣ್ಣುಗಳು ತುಂಬಿದ್ದವು. "ಆದರೂ ಗುರುಗಳೇ, ನೀವು ಕೊಟ್ಟದ್ದಕ್ಕೆ ನಾನು ನಿಮಗಾಗಿ ಏನಾದರೂ ಮಾಡಬೇಡವೇ?"

"ನಾನು ಬಂದ ದಿನ, ನಿನ್ನ ತಾಯಿ ಮಧ್ಯಾಹ್ನ ಎಲ್ಲಿ ಒರಗುತ್ತಾಳೋ ಅಲ್ಲಿ ನನಗೂ ಒಂದು ಚಾಪೆ ಹಾಸು" ಎಂದರು ಗುರುಗಳು.