ಮುದಿ ಬೆರಳು ತಣ್ಣಗಾದದ್ದು

ಭೂಮಿಯ ಮೇಲಿನ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಹೊಳೆಗಳು ಕಂಡಕಂಡವರನ್ನು ದಾರಿ ಕೇಳಿಕೊಂಡು ಹರಿಯುತ್ತಿದ್ದವು.

ಆಗ ಮನುಷ್ಯರು ಮುದುಕರಾಗುತ್ತಿರಲಿಲ್ಲ. ಅವರ ಗುಂಡಿಗೆಗೆ ಬಿಡುವಿತ್ತು. ಮನುಷ್ಯ ನಡೆದರೆ ಗುಂಡಿಗೆಯೂ ನಡೆಯುತ್ತಿತ್ತು. ಮನುಷ್ಯ ನೆರಳಲ್ಲಿ ಒರಗಿದರೆ ಗುಂಡಿಗೆಯೂ ಕೂರುತ್ತಿತ್ತು. ಆಗ ನೆತ್ತರು ಕೊಳದ ನೀರಿನಂತೆ ಸುಮ್ಮನಾಗುತ್ತಿತ್ತು. ಅದು ಹರಿಯುವ ನರಗಳೆಲ್ಲ ಮೈ ಸಡಿಲಿಸಿ, ಬಳ್ಳಿಯ ಕುಡಿಯಂತೆ ಮತ್ತೆ ಮೆತ್ತಗಾಗುತ್ತಿದ್ದವು.

ಆ ಕಾಲದಲ್ಲಿ ದ್ಯಾವಕ್ಕ ಎಂಬ ತಾಯಿ ಇದ್ದಳು. ಅವಳಿಗೆ ಇಬ್ಬರು ಮಕ್ಕಳು. ದೊಡ್ಡವಳು ಹೊನ್ನಿ, ಚಿಕ್ಕವನು ಕಾಡ.

ಒಂದು ದಿನ ಹೊನ್ನಿ ಹೊಳೆಯಲ್ಲಿ ಈಜಾಡಿ ಬಂದು ನೇರಳೆ ಮರದ ಕೆಳಗೆ ಮಲಗಿದಳು. ಅವಳ ಗುಂಡಿಗೆಯೂ ಕೂತಿತು. ತಂಪು ಗಾಳಿ ಬೀಸಿತು. ಗುಂಡಿಗೆಗೆ ಎಷ್ಟು ಹಿತವಾಯಿತೆಂದರೆ, ಅದು ಏಳುವುದನ್ನೇ ಮರೆಯಿತು.

ಹೊತ್ತು ಇಳಿಯಿತು. ದ್ಯಾವಕ್ಕ ಮಗಳನ್ನು ಹುಡುಕಿಕೊಂಡು ಬಂದಳು.

“ಹೊನ್ನೀ, ಏಳೇ. ಅಂಬಲಿ ಕಾಸಿಟ್ಟಿದ್ದೀನಿ.”

ಹೊನ್ನಿ ಏಳಲಿಲ್ಲ. ದ್ಯಾವಕ್ಕ ಅವಳ ಭುಜ ಹಿಡಿದು ಅಲುಗಿಸಿದಳು. ತಲೆ ಒಂದು ಕಡೆಗೆ ವಾಲಿತು.

“ಗಾಳಿಯಪ್ಪಾ, ನನ್ನ ಮಗಳನ್ನು ಎಬ್ಬಿಸು!”

ಗಾಳಿ ಹೊನ್ನಿಯ ಕಿವಿಯಲ್ಲಿ ಊದಿತು. ಕೂದಲು ಮಾತ್ರ ಅಲುಗಿತು.

“ಹೊಳೆಯವ್ವಾ, ನೀನಾದರೂ ಎಬ್ಬಿಸು!”

ಹೊಳೆ ಮುಖಕ್ಕೆ ನೀರು ಚಿಮುಕಿಸಿತು. ರೆಪ್ಪೆ ಮಿಟುಕಲಿಲ್ಲ. “ಹೊತ್ತು ಮೀರಿತು ತಾಯಿ,” ಎಂದಿತು ಹೊಳೆ.

ದ್ಯಾವಕ್ಕ ಕಾಡನನ್ನು ಬಾಚಿ ತಬ್ಬಿಕೊಂಡಳು. ಅವನ ಎದೆಗೆ ಕಿವಿಯಿಟ್ಟಳು. ಆಮೇಲೆ ತನ್ನ ಎದೆ ಬಡಿದುಕೊಂಡು ಕೂಗಿದಳು.

“ಗುಂಡಿಗೆಯೇ, ಇನ್ನು ಮೇಲೆ ಕೂರಬೇಡ. ನೀನೂ ಕೂರಬೇಡ, ನನ್ನ ಮಗನದೂ ಕೂರಬಾರದು. ಯಾರ ಗುಂಡಿಗೆಯೂ ಕೂರಬಾರದು!”

“ನಾನೇನೋ ಕೂರದೆ ಇದ್ದೇನು,” ಎಂದಿತು ಗುಂಡಿಗೆ. “ನರಗಳನ್ನು ಒಂದು ಮಾತು ಕೇಳು.”

ನರಗಳು ಅಂದವು: “ಅವ್ವಾ, ನೆತ್ತರು ನುಗ್ಗಿದಾಗಲೆಲ್ಲ ನಾವು ಹಿಗ್ಗಬೇಕು, ಮುಂದೆ ಹೋದಾಗಲೆಲ್ಲ ಕುಗ್ಗಬೇಕು. ಬಿಡುವೇ ಇಲ್ಲದಿದ್ದರೆ ಒಣಗಿದ ನಾರಿನಂತೆ ಬಿರುಸಾಗಿಬಿಡ್ತೀವಿ. ಆಮೇಲೆ ಬೆರಳ ತುದಿಗೆ ನೆತ್ತರು ಮುಟ್ಟಿಸೋದು ನಮ್ಮ ಕೈಲಾಗಲ್ಲ.”

“ಆಗಲಿ. ನನ್ನ ಮಗ ಉಳಿದರೆ ಸಾಕು.”

ಅಂದಿನಿಂದ ಯಾರ ಗುಂಡಿಗೆಯೂ ಕೂರಲಿಲ್ಲ. ಕಾಡ ಉಳಿದ. ಬೆಳೆದ. ಅವನಿಗೊಂದು ಮಗುವೂ ಹುಟ್ಟಿತು. ಹೊನ್ನಿ ಮಾತ್ರ ನೇರಳೆ ಮರದ ಬುಡದಲ್ಲಿ ಮಣ್ಣಾದಳು.

ದ್ಯಾವಕ್ಕ ಮುದುಕಿಯಾದಳು. ಲೋಕದಲ್ಲಿ ಅವಳೇ ಮೊದಲ ಮುದುಕಿ. ನರಗಳು ಹೇಳಿದಂತೆಯೇ ಬಿರುಸಾದವು. ಗುಂಡಿಗೆ ಜೋರಾಗಿ ದೂಡಿದರೂ ನೆತ್ತರು ಪಾದದ ತನಕ ತೆವಳಿಕೊಂಡು ಹೋಗುತ್ತಿತ್ತು. ದಿಬ್ಬ ಹತ್ತಿದರೆ ಕಾಲು ಸೆಳೆಯುತ್ತಿತ್ತು. ಥಟ್ಟನೆ ಎದ್ದರೆ ಕಣ್ಣು ಕತ್ತಲಿಡುತ್ತಿತ್ತು. ಇದನ್ನು ತಾಳಿಕೊಳ್ಳುವುದು ಹೇಗೆಂದು ಕೇಳೋಣವೆಂದರೆ, ಹಾಗೆ ಆದವರು ಅವಳಿಗಿಂತ ಮುಂಚೆ ಯಾರೂ ಇರಲಿಲ್ಲವಲ್ಲ.

ಒಂದು ಚಳಿಯ ಬೆಳಗ್ಗೆ ಮೊಮ್ಮಗಳು ನಡುಗುತ್ತಾ ಬಂದಳು. ಬೆಚ್ಚಗೆ ಮಾಡೋಣವೆಂದು ದ್ಯಾವಕ್ಕ ಅವಳ ಕೆನ್ನೆ ಹಿಡಿದಳು.

“ಬೇಡಜ್ಜೀ, ಬಿಡು! ನಿನ್ನ ಕೈಯೇ ಚಳಿ!” ಮಗು ಕೊಸರಿಕೊಂಡು ಅಪ್ಪನ ಹತ್ತಿರ ಓಡಿತು.

ದ್ಯಾವಕ್ಕ ತನ್ನ ಕೈಯನ್ನು ನೋಡುತ್ತಾ ಕೂತಳು. “ಗುಂಡಿಗೆಯೇ,” ಎಂದು ಬೇಡಿದಳು, “ಒಂದೇ ಒಂದು ಗಳಿಗೆ ಕೂತು ಏಳು. ನರಗಳು ಮೆತ್ತಗಾಗಲಿ. ಆ ಮಗುವನ್ನು ಒಂದು ಸಲ ಬೆಚ್ಚಗೆ ಹಿಡೀತೀನಿ.”

“ಕೂರೋದು ಹೇಗಂತಲೇ ಮರೆತುಹೋಗಿದೆ ಅವ್ವಾ,” ಎಂದಿತು ಗುಂಡಿಗೆ. “ಈಗ ಕೂತರೆ ನಾನು ಏಳಲಾರೆ.”

ದ್ಯಾವಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

ಇವತ್ತಿಗೂ ವಯಸ್ಸಾದವರ ಕೈಮೇಲೆ ನರಗಳು ಹಸಿರಾಗಿ ಉಬ್ಬಿ ನಿಂತಿರುವುದು, ಎಷ್ಟು ಹೊತ್ತು ಬಿಸಿಲಲ್ಲಿ ಕೂತರೂ ಅವರ ಬೆರಳು ಬೆಚ್ಚಗಾಗದಿರುವುದು ಇದರಿಂದಲೇ, ಮಗೂ.