ಸೊನ್ನೆ ಸೀಸೆ ವಾಪಸ್ಸು

ಜಿಲ್ಲಾ ಆಸ್ಪತ್ರೆಯೊಂದರ ಲ್ಯಾಬಿಗೆ ಗುಣಮಟ್ಟದ ಅಧಿಕಾರಿಯಾಗಿ ಕುಂದರಗಿ ಸಾಹೇಬರು ಬಂದರು. ಮೊದಲು ಬೇರಿಂಗ್ ಕಾರ್ಖಾನೆಯಲ್ಲಿದ್ದವರು. ರೋಗಿಗಳ ಗಂಟಿನಿಂದ ತೆಗೆದ ತುಂಡುಗಳು ಸೀಸೆಯಲ್ಲಿ ಪರೀಕ್ಷೆಗೆ ಬರುವ ಲ್ಯಾಬು ಅದು. ಬಂದವರೇ ಗೋಡೆಗೆ ಚಾರ್ಟು ಅಂಟಿಸಿ, "ಇಲ್ಲಿಂದ ವಾಪಸ್ಸು ಹೋಗುವ ಸೀಸೆ ಸೊನ್ನೆ ಆಗಬೇಕು" ಎಂದರು.

ಟೆಕ್ನೀಷಿಯನ್ ನೀಲವ್ವ ಹೇಳಿ ನೋಡಿದಳು. "ಸರ್, ಸೀಸೆಯಾಗ ಔಷಧದ ನೀರಿಲ್ದ ಒಣಗಿ ಬಂದ ತುಂಡಿನಾಗ ಕ್ಯಾನ್ಸರ್ ಇದ್ರೂ ಕಾಣಂಗಿಲ್ಲ. ವಾಪಸ್ ಕಳಿಸಿದ್ರ ಬ್ಯಾರೆ ತುಂಡು ಬರತೈತ್ರಿ."

"ಕಾರಣ ಬೇಡ. ಸೊನ್ನೆ ಬೇಕು."

ಎರಡು ವಾರ ಚಾರ್ಟಿನಲ್ಲಿ ಸೊನ್ನೆಯೇ ಇತ್ತು. ಅಷ್ಟರಲ್ಲಿ ಸಾಹೇಬರ ಕುತ್ತಿಗೆಯಲ್ಲೇ ಗಂಟು ಎದ್ದಿತು. ತುಂಡು ತೆಗೆದು ಲ್ಯಾಬಿಗೆ ಕಳಿಸಿದರು. ಮರುದಿನ ತಾವೇ ಓಡಿ ಬಂದರು.

"ನನ್ನ ರಿಪೋರ್ಟು?"

"ತಯಾರೈತ್ರಿ. ದೋಷ ಕಂಡಿಲ್ಲ."

ಸಾಹೇಬರು ಕುರ್ಚಿಗೆ ಒರಗಿ ಉಸಿರುಬಿಟ್ಟರು.

"ತುಂಡು ಒಣಗಿ ಚಕ್ಕಳ ಆಗಿತ್ತು. ಏನೂ ಕಾಣಲಿಲ್ಲ. ಹಂಗಾಗಿ ದೋಷಾನೂ ಕಾಣಲಿಲ್ಲ," ಎಂದಳು ನೀಲವ್ವ.

ಸಾಹೇಬರ ಮುಖ ಬಿಳಚಿಕೊಂಡಿತು. "ವಾಪಸ್ ಕಳಿಸಬೇಕಿತ್ತಲ್ಲ!"

ನೀಲವ್ವ ಪೆನ್ನು ಕೊಟ್ಟು ಚಾರ್ಟು ತೋರಿಸಿದಳು. ಸಾಹೇಬರು ಸೊನ್ನೆ ಹೊಡೆದುಹಾಕಿ ಒಂದು ಬರೆದರು.

"ಹನ್ನೊಂದು ಬರೀರಿ. ಉಳಿದ ಹತ್ತು ಮಂದೀವೂ ಹಿಂಗ ಒಣಗಿ ಬಂದಿದ್ವು. ರಿಪೋರ್ಟ್ ಒಯ್ದು ಮನೀಗೆ ಹೋಗ್ಯಾರ."

ಸಾಹೇಬರು ತಿದ್ದಿದರು. ನೀಲವ್ವ ಅಂದೇ ಒಬ್ಬೊಬ್ಬರಿಗೂ ಫೋನ್ ಹಚ್ಚಿದಳು. ಒಂಬತ್ತು ಮಂದಿ ಬರುತ್ತೇವೆಂದರು. ಹತ್ತನೆಯ ಫೋನನ್ನು ಒಬ್ಬ ಹುಡುಗಿ ಎತ್ತಿದಳು.

"ಅವ್ವ ಇಲ್ರಿ. ರಿಪೋರ್ಟ್ ಚಲೋ ಬಂತಲ್ಲ, ಕಬ್ಬು ಕಡಿಯಾಕ ಗ್ಯಾಂಗಿನ ಜೋಡಿ ಹೋಗ್ಯಾಳ. ಯಾವ ಊರೋ ಗೊತ್ತಿಲ್ರಿ," ಎಂದು ಖುಷಿಯಿಂದಲೇ ಹೇಳಿದಳು.