ಕರಿ ಕಾರು, ಬಿಳಿ ಕಾರು ಮತ್ತು ಕಮ್ಮಾರನ ತಲೆ

"ಕೇಳಿರಿ, ಕೇಳಿರಿ! ಮಹಾರಾಜರ ಎರಡು ಕಾರುಗಳ ಮೇಲೆ ಮೂರು ಒಗಟುಗಳಿವೆ. ಬಿಡಿಸಿದವನಿಗೆ ರಾಜಕುಮಾರಿ, ತಪ್ಪಿದವನಿಗೆ ನೇಣು. ಯಾವ ಕಾರು ಮೇಲು ಎಂದು ತೀರ್ಮಾನವಾಗುವ ತನಕ ಎರಡೂ ಲಾಯ ಬಿಟ್ಟು ಹೊರಡಕೂಡದು!"

ಅರಮನೆಯ ಮುಂದೆ ಡಂಗುರದವನ ಆ ಕೊನೆಯ ಮಾತು ಕೇಳಿ ಕಮ್ಮಾರ ಮೌನೇಶನಿಗೆ ಮೈಯೆಲ್ಲ ಉರಿಯಿತು. ಘಾಟಿಯ ತಿರುವಿನಲ್ಲಿ ಅವನ ಕುಲುಮೆ. ಮನೆಯಲ್ಲಿ ಅಕ್ಕನಿಗೆ ಬೆಳಗಿನಿಂದ ಹೆರಿಗೆ ನೋವು. ಮಗು ಅಡ್ಡ ತಿರುಗಿದೆ, ಘಾಟಿಯಾಚೆಯ ಆಸ್ಪತ್ರೆಗೆ ಒಯ್ಯದಿದ್ದರೆ ಇಬ್ಬರೂ ಉಳಿಯುವುದಿಲ್ಲ ಎಂದು ಸೂಲಗಿತ್ತಿ ಕೈಚೆಲ್ಲಿದ್ದಳು. ರಾಜ್ಯದಲ್ಲಿ ಇದ್ದದ್ದೇ ಆ ಎರಡು ಕಾರು. ಕೇಳೋಣವೆಂದು ಓಡಿಬಂದರೆ ಇಲ್ಲಿ ಈ ಹುಚ್ಚಾಟ! ಬೇರೆ ದಾರಿಯಿಲ್ಲದೆ ಅವನೂ ಸಾಲಿನಲ್ಲಿ ನಿಂತ.

ಮುಂದೆ ಬೇರೆ ರಾಜ್ಯದ ಇಬ್ಬರು ರಾಜಕುಮಾರರಿದ್ದರು, ಕೈಯಲ್ಲಿ ಕಾರುಗಳ ಬಗೆಗಿನ ದಪ್ಪ ದಪ್ಪ ಪುಸ್ತಕ. ರಾಜ ಎರಡು ಕಾರುಗಳನ್ನು ಹೋಲಿಸಿ ಬರೆದಿಟ್ಟ ತನ್ನ ಪುಸ್ತಕ ತೆರೆದು ಮೊದಲ ಒಗಟು ಹೇಳಿದ: "ಕರಿ ಕಾರಿಗೆ ಎಂಟು ಸಿಲಿಂಡರು, ನೂರಿಪ್ಪತ್ತು ಕುದುರೆಯ ಬಲ. ಬಿಳಿಯದಕ್ಕೆ ನಾಲ್ಕೇ ಸಿಲಿಂಡರು, ನಲವತ್ತು ಕುದುರೆ. ಹೋದ ವರ್ಷ ಘಾಟಿ ಹತ್ತುವ ಪಂದ್ಯದಲ್ಲಿ ಮೂರು ಸಲವೂ ಬಿಳಿಯದೇ ಗೆದ್ದಿತು. ಯಾಕೆ?"

"ಕರಿ ಕಾರಿನ ಚಾಲಕ ಲಂಚ ತಿಂದಿದ್ದಾನೆ" ಎಂದ ಒಬ್ಬ. ಇನ್ನೊಬ್ಬ ಹಾಳೆ ತಿರುವಿ ತಿರುವಿ, "ಬಿಳಿಯದು ಗೆದ್ದಿರಲು ಸಾಧ್ಯವೇ ಇಲ್ಲ, ಇಲ್ಲಿ ಬರೆದಿದೆ ನೋಡಿ" ಎಂದು ಅರ್ಧ ಗಂಟೆ ವಾದಿಸಿದ. ಇಬ್ಬರನ್ನೂ ಭಟರು ನೇಣುಗಂಬದತ್ತ ಎಳೆದೊಯ್ದರು. ಆ ಅರ್ಧ ಗಂಟೆ ಮೌನೇಶ ಹಲ್ಲು ಕಚ್ಚಿಕೊಂಡು ಅಕ್ಕನ ನರಳಾಟವನ್ನೇ ನೆನೆಯುತ್ತಿದ್ದ.

"ಮಾಸ್ವಾಮಿ, ಕರೀದು ಬಿಳೀದಕ್ಕಿಂತ ಮೂರು ಪಟ್ಟು ಭಾರ. ಇರೋ ಬಲವೆಲ್ಲ ತನ್ನ ಮೈ ಹೊರೋಕೇ ಆಯ್ತು. ಅರ್ಧ ಘಾಟಿಗೆ ರೇಡಿಯೇಟರು ಕುದಿದು ನಿಂತುಬಿಡೋದು. ಮೂರು ಸಲವೂ ನೀರು ಹೊಯ್ದೋನು ನಾನೇ. ಮುಂದಿಂದು ಬೇಗ ಕೇಳಿ" ಎಂದ ಮೌನೇಶ.

ರಾಜ ಮೀಸೆ ತಿರುವಿದ. "ಪಂದ್ಯ ಮುಗಿದ ಮೇಲೆ ಎರಡಕ್ಕೂ ಸಮನಾಗಿ ಪೆಟ್ರೋಲು ತುಂಬಿಸಿದೆವು. ಗ್ಯಾಲನ್ನಿಗೆ ಕರಿಯದು ಎಂಟು ಮೈಲಿ ಓಡಿದರೆ ಬಿಳಿಯದು ಮೂವತ್ತು. ಆದರೂ ಇವತ್ತಿಗೂ ಎರಡರಲ್ಲೂ ಪೆಟ್ರೋಲು ಸಮಸಮ. ಹೇಗೆ?"

"ಎಲ್ಲಿ ಓಡಿವೆ ಅವು? ಆಯುಧಪೂಜೆಗೆ ನಿಂಬೆಹಣ್ಣಿನ ಮೇಲೆ ತಳ್ಳಿ ಹತ್ತಿಸ್ತೀರಿ, ಮತ್ತೆ ಹಿಂದಕ್ಕೆ ತಳ್ಳಿ ರೇಷ್ಮೆ ಬಟ್ಟೆ ಹೊದಿಸ್ತೀರಿ!"

ರಾಜನ ಪಕ್ಕದಲ್ಲಿದ್ದ ರಾಜಕುಮಾರಿ ನಕ್ಕುಬಿಟ್ಟಳು. ರಾಜ ಗದರಿದ: "ಕೊನೆಯದು. ಎರಡರಲ್ಲಿ ಯಾವುದು ಮೇಲು?"

ಮೌನೇಶನ ತಾಳ್ಮೆ ಕಟ್ಟೊಡೆಯಿತು. "ಅಯ್ಯೋ ನಿಮ್ಮ ಮೇಲು ಕೀಳಿಗಿಷ್ಟು ಬೆಂಕಿ ಬೀಳ! ಅಲ್ಲಿ ಜೀವ ಹೋಗ್ತಿದೆ. ಕರೆದಾಗ ಹೊರಡೋ ಕಾರು ಮೇಲು. ಹ್ಯಾಂಡಲ್ ಕೊಡಿ, ತೋರಿಸ್ತೀನಿ."

ಕರಿ ಕಾರಿನ ಮೂತಿಗೆ ಹ್ಯಾಂಡಲ್ ಹಾಕಿ ಎಂಜಿನ್ನನ್ನು ಏಳು ಸಲ ತಿರುಗಿಸಿದ. ಕೆಮ್ಮಿ ಸುಮ್ಮನಾಯಿತು. ಬಿಳಿಯದು ಮೂರನೆಯ ಸಲಕ್ಕೇ ಗುಡುಗಿತು. ರಾಜನ ಪುಸ್ತಕದಲ್ಲಿ ಕರೆದಾಗ ಹೊರಡುವುದು ಯಾವುದು ಎಂಬ ಸಾಲೇ ಇರಲಿಲ್ಲ. ಅವನು ತಲೆ ತಗ್ಗಿಸಿದ. "ಗೆದ್ದೆಯಪ್ಪ. ಇನ್ನು ಮದುವೆಯ ಮುಹೂರ್ತ..."

"ಮೊದಲು ಆ ಇಬ್ಬರ ಕುಣಿಕೆ ಬಿಚ್ಚಿಸಿ. ಕಾರು ನಾನು ಒಯ್ತೀನಿ."

"ನಡೀರಿ, ಹೆಂಗಸೊಬ್ಬಳು ಜೊತೆಗಿರಲಿ" ಎಂದು ರಾಜಕುಮಾರಿ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದಳು.

ಆಸ್ಪತ್ರೆಯಿಂದ ಮರಳಿದ ಮೇಲೆ ಬಿಳಿ ಕಾರು ಮೌನೇಶನ ಕುಲುಮೆಯ ಬಾಗಿಲಲ್ಲೇ ಉಳಿಯಿತು. ರಾಜಕುಮಾರಿಯೂ ಮುಂದೆ ಮದುವೆಯಾಗಿ ಆ ಮನೆಗೇ ಬಂದಳು. ಆದರೆ ಅದಕ್ಕೂ ಮೊದಲು, ಮರುದಿನ ಬೆಳಿಗ್ಗೆ, ರಾಜ ಅದೇ ಪುಸ್ತಕ ಹಿಡಿದು ಆಸ್ಪತ್ರೆಗೆ ಓಡಿಬಂದ.

"ಘಾಟಿ ಎಷ್ಟು ನಿಮಿಷಕ್ಕೆ ಹತ್ತಿತಯ್ಯ?"

ಗಂಜಿ ಕುಡಿಯುತ್ತಿದ್ದ ಅಕ್ಕನ ಪಕ್ಕದಲ್ಲಿ ಮೌನೇಶ ತೋಳಿನಲ್ಲಿದ್ದ ಕೂಸನ್ನು ಸರಿಯಾಗಿ ಹಿಡಿದುಕೊಂಡ.

"ಅಕ್ಕನ ಉಸಿರು ನಿಲ್ಲೋದರೊಳಗೆ ಹತ್ತಿತು ಮಾಸ್ವಾಮಿ. ಅಷ್ಟೇ ಬರ್ಕೊಳ್ಳಿ."